ಇಲ್ಲದ ಬ್ರೇಕು

ನನ್ನ ಅತ್ತಿಗೆ ಬಲಪಾದದ ಮೂಳೆ ಮುರಿದುಕೊಂಡದ್ದು ಕಾರಿನೊಳಗೆ, ಕೂತ ಸೀಟಿನಲ್ಲೇ. ಯಾರೂ ಗುದ್ದಲಿಲ್ಲ, ಕಾಲಿನ ಮೇಲೆ ಏನೂ ಬೀಳಲಿಲ್ಲ. ಇಲ್ಲದ ಬ್ರೇಕನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ತುಳಿದರು. ಕಾರಿನ ನೆಲ ಜಗ್ಗಲಿಲ್ಲ, ಮೂಳೆ ಜಗ್ಗಿತು. ಇದನ್ನು ಕೇಳಿದವರು ಮೊದಲು ನಗುತ್ತಾರೆ. ನಗಲಿ. ನಕ್ಕು ಮುಗಿಸಿದವರು ಮಾತ್ರ ಮುಂದೆ ಓದಿದರೆ ಸಾಕು, ಉಳಿದವರ ಹಂಗು ನನಗಿಲ್ಲ.

ಅತ್ತಿಗೆ ಡ್ರೈವಿಂಗ್ ಸ್ಕೂಲಿನ ಟೀಚರು. ಸ್ಕೂಲಿಗೆ ಯಜಮಾನ ನನ್ನ ಅಣ್ಣ. ಮುಂದಿನ ಕೌಂಟರಿನಲ್ಲಿ ಕೂತು ಫೋನ್ ಎತ್ತುವುದು, ಯಾರಿಗೆ ಯಾವ ಹೊತ್ತಿನ ಪಾಠ ಅಂತ ಹೇಳುವುದು, ಹೆದರಿ ಬಿಟ್ಟುಹೋಗುವವರಿಗೆ ಧೈರ್ಯ ತುಂಬುವುದು ನಾನು. ಗಂಡನ ಮನೆಯವರ ಸಹವಾಸ ಸಾಕಾಗಿ ಬಟ್ಟೆ ಗಂಟು ಕಟ್ಟಿಕೊಂಡು ಬಂದ ದಿನದಿಂದ ಅಣ್ಣನ ಮನೆಯೇ ನನ್ನ ಮನೆ. ಅದನ್ನು ಅವನು ಆಗಾಗ ನೆನಪಿಸುತ್ತಿರುತ್ತಾನೆ, ನಾನು ಮರೆತುಬಿಟ್ಟೇನು ಅಂತ.

ಕಾರು ಕಲಿಸುವವರ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ಟೀಚರ ಕಾಲಡಿ. ನಮ್ಮ ಹಳೆ ಕಾರಿನಲ್ಲಿ ಅತ್ತಿಗೆಯ ಬ್ರೇಕಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ಅವರು ಪಾಠದಲ್ಲಿ ಕೂಗಾಡುವವರಲ್ಲ. ಬಾಯಿ ಕೆಲಸವನ್ನೆಲ್ಲ ಕಾಲು ಮಾಡುತ್ತಿತ್ತು. ಕಲಿಯುವವರಿಗೆ ತಿಳಿಯದ ಹಾಗೆ ಅಷ್ಟೇ ಅಷ್ಟು ಒತ್ತುತ್ತಿದ್ದರು. ಕಾರು ತಾನಾಗಿಯೇ ನಿಧಾನವಾದಂತೆ ಅವರಿಗೆ ಅನ್ನಿಸಬೇಕು. ಆ ಕಾಲಿಗೆ ರಜೆ ಅನ್ನುವುದಿರಲಿಲ್ಲ. ಬಸ್ಸಿನಲ್ಲಿ ಕೂತರೂ ಒತ್ತುತ್ತಿತ್ತು, ಟೀವಿಯಲ್ಲಿ ಕಾರು ಓಡಿದರೂ ಒತ್ತುತ್ತಿತ್ತು. ಊಟದ ಹೊತ್ತಿಗೆ ಅಣ್ಣ ದನಿ ಏರಿಸಿದರೆ ಮೇಜಿನ ಕೆಳಗೆ ಅವರ ಹೆಬ್ಬೆರಳು ನೆಲಕ್ಕೆ ಊರುವುದನ್ನು ನಾನೇ ನೋಡಿದ್ದೇನೆ. ಊರಲ್ಲಿ ಬೆನ್ನ ಹಿಂದೆ ಅವರಿಗೆ ಬ್ರೇಕಮ್ಮ ಅಂತಲೇ ಹೆಸರು.

ನಾನೂ ಅವರೂ ಒಡಹುಟ್ಟಿದವರ ಹಾಗಿದ್ದೆವು ಅಂತ ಹೇಳಲು ನನಗೇನೂ ಹುಚ್ಚಿಲ್ಲ. ಎಣ್ಣೆ ಸೀಗೆಕಾಯಿ ಸಂಬಂಧ ನಮ್ಮದು. ನಾನು ಮಡಿಸಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸುತ್ತಾರೆ. ನಾನು ಹಾಕಿದ ಬೀಗವನ್ನು ಮತ್ತೊಮ್ಮೆ ಎಳೆದು ನೋಡುತ್ತಾರೆ. ತಿರುಗಿ ನಾನೂ ಸುಮ್ಮನೆ ಬಿಟ್ಟವಳಲ್ಲ. ಒಂದೇ ಅಡುಗೆಮನೆಯಲ್ಲಿ ಮಾತಿಲ್ಲದೆ ವಾರಗಟ್ಟಲೆ ಓಡಾಡಿದ್ದೇವೆ, ಒಬ್ಬರ ಕೈಗೆ ಒಬ್ಬರು ಸೌಟು ಕೊಡದೆ.

ಹೀಗಿರುವಾಗ ಅಣ್ಣನಿಗೆ ಹೊಸ ಕಾರಿನ ಹುಚ್ಚು ಹತ್ತಿತು. ಮಾರ್ಕೆಟ್ಟಿನ ಆಚೆ ಬದಿಯ ಡ್ರೈವಿಂಗ್ ಸ್ಕೂಲಿನವನು ಹೊಸದೊಂದನ್ನು ತಂದು ನಿಲ್ಲಿಸಿದ್ದ. ಅಷ್ಟು ಸಾಕಾಯಿತು ಇವನಿಗೆ ಅನ್ನ ಸೇರದಿರಲು. ಶೋರೂಮಿಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ, ಅಭಿಪ್ರಾಯ ಕೇಳಲಿಕ್ಕಲ್ಲ, ಬಾಯಿ ಬಿಟ್ಟುಕೊಂಡು ನೋಡುವವರು ಬೇಕಲ್ಲ, ಅದಕ್ಕೆ. ಅಲ್ಲಿ ಟೈ ಕಟ್ಟಿಕೊಂಡ ಸೇಲ್ಸಿನವನೊಬ್ಬ ಕಾರಿನ ಸುತ್ತ ಓಡಾಡುತ್ತ ಹೊಗಳಿದ್ದೇ ಹೊಗಳಿದ್ದು. ರಸ್ತೆಯ ಮೇಲಿನ ಗೆರೆ ದಾಟಿದರೆ ಸ್ಟೀರಿಂಗು ತಾನೇ ತಿರುಗುತ್ತದಂತೆ, ಎದುರಿಗೆ ಏನಾದರೂ ಬಂದರೆ ತಾನೇ ನಿಲ್ಲುತ್ತದಂತೆ, ಮಾತಾಡಿಸಿದರೆ ಮಾತಾಡುತ್ತದಂತೆ. ಅತ್ತಿಗೆ ಪಕ್ಕದ ಸೀಟಿನಲ್ಲಿ ಕೂತು, ಕಾಲು ಚಾಚಿ, ಕೇಳಿದ್ದು ಒಂದೇ.

"ಇಲ್ಲಿ ಎರಡನೇ ಬ್ರೇಕ್ ಕೂರಿಸೋಕಾಗುತ್ತಾ?"

ಸೇಲ್ಸಿನವನು ನಕ್ಕ. "ಏನಕ್ಕೆ ಮೇಡಂ? ಕಾರೇ ಬ್ರೇಕ್ ಹಾಕುತ್ತೆ. ನೀವು ಆರಾಮಾಗಿ ಕೂತ್ಕೊಂಡ್ರಾಯ್ತು. ಹೊರಗಿನವರ ಕೈಲಿ ಪೆಡಲ್ ಹಾಕಿಸಿದ್ರೆ ವಾರಂಟಿ ಹೋಗುತ್ತೆ ನೋಡಿ."

"ನಾವು ಕಲಿಸೋರಪ್ಪ. ಬ್ರೇಕ್ ಇಲ್ದೆ ಹೇಗೆ ಕಲಿಸೋದು?"

"ಬೇಡ ಅಂದ್ರಲ್ಲ ಅವರು," ಅಂತ ಅಣ್ಣ ಮಧ್ಯೆ ಬಾಯಿ ಹಾಕಿದ. "ನಿನಗೆ ಹೊಸದು ಅಂದ್ರೆ ಮೈ ಪರಚಿಕೊಳ್ಳೋ ಹಾಗಾಗುತ್ತೆ."

ಕಾರು ಬಂತು. ಬಂದ ದಿನದಿಂದ ನಮ್ಮ ನೆಮ್ಮದಿ ಹೋಯಿತು.

ಮೊದಲನೆಯದಾಗಿ ಅದರ ಬಾಗಿಲಿಗೆ ಹಿಡಿಯೇ ಕಾಣುತ್ತಿರಲಿಲ್ಲ. ಹತ್ತಿರ ಹೋದರೆ ಹೊರಗೆ ಬರುತ್ತದೆ ಅಂತ ಅಣ್ಣ ಹೇಳಿದ. ಅವನು ಹೋದರೆ ಬರುತ್ತಿತ್ತು, ಅತ್ತಿಗೆ ಹೋದರೆ ಬರುತ್ತಿರಲಿಲ್ಲ. ಒಳಗೆ ಕೂತರೆ ಸೀಟು ತಾನೇ ಹಿಂದಕ್ಕೆ ಹೋಗುತ್ತಿತ್ತು, ಕೂತವರ ಕಾಲು ಗಾಳಿಯಲ್ಲಿ. ಎಸಿ ಕಡಿಮೆ ಮಾಡಲು ಒಂದು ಗುಂಡಿ ಕೂಡ ಇಲ್ಲ. ಟೀವಿಯಷ್ಟು ದೊಡ್ಡ ಪರದೆಯ ಮೇಲೆ ಬೆರಳಾಡಿಸಬೇಕು, ಬೆರಳು ಒಂದು ಚೂರು ಆಚೀಚೆಯಾದರೆ ಹಾಡು ಶುರುವಾಗುತ್ತದೆ. ಬಳಸುವುದು ಹೇಗೆ ಅಂತ ಹೇಳುವ ಪುಸ್ತಕ ಎಲ್ಲಿ ಅಂತ ಕೇಳಿದೆವು. ಅದೂ ಪರದೆಯ ಒಳಗೇ ಇದೆಯಂತೆ, ಪರದೆ ಬಳಸಲು ಬಂದವರಿಗೆ ಮಾತ್ರ ಸಿಗುತ್ತದಂತೆ. ಇದನ್ನು ಮಾಡಿದ ಪುಣ್ಯಾತ್ಮ ಯಾರೋ, ಅವನ ಮನೆಯ ನಲ್ಲಿಯೂ ಹೀಗೇ ಇರಲಿ.

ಕಲಿಯುವವರ ಗೋಳಂತೂ ಕೇಳಬೇಡಿ. ಕಲಿಯುವವರೆಂದ ಮೇಲೆ ಕಾರು ಅತ್ತ ಇತ್ತ ವಾಲುತ್ತದೆ, ಅದಕ್ಕೇ ತಾನೆ ಕಲಿಯಲು ಬರುವುದು? ಈ ಕಾರಿಗೆ ಅದು ಅರ್ಥವಾಗುತ್ತಿರಲಿಲ್ಲ. ಸ್ವಲ್ಪ ವಾಲಿದರೆ ಕುಂಯ್ ಅನ್ನುತ್ತಿತ್ತು, ಇನ್ನೂ ವಾಲಿದರೆ ಸ್ಟೀರಿಂಗನ್ನು ಅವರ ಕೈಯಿಂದ ಕಿತ್ತುಕೊಳ್ಳುವ ಹಾಗೆ ಎಳೆಯುತ್ತಿತ್ತು. ಕೊನೆಗೆ ಪರದೆಯ ಮೇಲೆ ಕಾಫಿ ಲೋಟದ ಚಿತ್ರ ಬಂದು, 'ನಿಮಗೆ ನಿದ್ದೆ ಬರುತ್ತಿರುವಂತಿದೆ, ವಿಶ್ರಾಂತಿ ತೆಗೆದುಕೊಳ್ಳಿ' ಅಂತ ಹೆಣ್ಣು ದನಿಯೊಂದು ಉಪದೇಶ ಮಾಡುತ್ತಿತ್ತು. ಜೀವ ಕೈಯಲ್ಲಿ ಹಿಡಿದು ಕಣ್ಣು ಪಿಳುಕಿಸದೆ ಕೂತವರಿಗೆ ನಿದ್ದೆಯಂತೆ! ಒಂದು ದಿನ ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಕವರಿಗೆ ಹೆದರಿ ನಡುರಸ್ತೆಯಲ್ಲಿ ಗಕ್ಕನೆ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ಹಾಲಿನ ವ್ಯಾನಿನವನು ಇಳಿದು ಬಂದು ಅತ್ತಿಗೆಯ ಏಳು ತಲೆಮಾರನ್ನು ವಿಚಾರಿಸಿಕೊಂಡ.

ಅತ್ತಿಗೆ ಮತ್ತೆ ಅಣ್ಣನನ್ನು ಕೇಳಿದರು. ಕೌಂಟರಿನಲ್ಲಿ, ನನ್ನೆದುರಿಗೇ.

"ರೀ, ಹೊಸ ಕಾರಿಗೂ ಪೆಡಲ್ ಹಾಕಿಸಿ. ಇಲ್ಲಾಂದ್ರೆ ಹಳೇದರಲ್ಲೇ ಕಲಿಸ್ತೀನಿ."

"ಹಳೇದನ್ನ ಮಾರೋ ಮಾತಾಗಿದೆ. ಕಂಪನಿಯವರು ಅಷ್ಟು ತಲೆ ಖರ್ಚು ಮಾಡಿ ಕಾರು ಮಾಡಿದ್ದಾರೆ, ನಿನ್ನ ಒಂದು ಕಾಲಿನ ಮೇಲೆ ನಿಂತಿದೆಯಾ ಅದು?"

"ನನ್ನ ಕಾಲಿನ ಮೇಲೇ ನಿಂತಿರೋದು ಈ ಸ್ಕೂಲು," ಅಂದರು ಅತ್ತಿಗೆ.

ಅಣ್ಣ ಕಾರಿನ ಕೀಯನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಹೋದ. ಅತ್ತಿಗೆ ನನ್ನ ಮುಖ ನೋಡಿದರು. ನಾನು ಫೋನ್ ಎತ್ತಿಕೊಂಡೆ, ಅದು ಹೊಡೆದುಕೊಳ್ಳದಿದ್ದರೂ.

ಅವತ್ತೇ ಪಟ್ಟು ಹಿಡಿದು ಪಾಠ ನಿಲ್ಲಿಸಿಬಿಡುತ್ತಿದ್ದರೋ ಏನೋ. ಆದರೆ ಕಾರು ಇನ್ನೊಂದು ಕೆಲಸ ಮಾಡಿತು. ಅಣ್ಣನ ಮೊಬೈಲು ಅದಕ್ಕೆ ಜೋಡಿಯಾಗಿತ್ತು. ಕಾರು ಆಫೀಸಿನ ಹತ್ತಿರ ಬಂದರೆ ಸಾಕು, ಒಳಗೆ ಕೂತ ಅಣ್ಣನ ಫೋನನ್ನು ತನ್ನ ಪಾಡಿಗೆ ತಾನು ಹಿಡಿದುಕೊಳ್ಳುತ್ತಿತ್ತು. ಅವತ್ತು ನಮ್ಮಲ್ಲಿ ಕಲಿಯಲು ಬರುತ್ತಿದ್ದ ಹಲ್ಲಿನ ಡಾಕ್ಟರೊಬ್ಬರು ಪಾಠ ಮುಗಿಸಿ ಬಾಗಿಲ ಮುಂದೆ ನಿಲ್ಲಿಸುತ್ತಿದ್ದಾರೆ, ಅತ್ತಿಗೆ ಪಕ್ಕದಲ್ಲಿದ್ದಾರೆ, ಕಾರಿನ ಎಲ್ಲ ಸ್ಪೀಕರುಗಳಿಂದಲೂ ಅಣ್ಣನ ಗೆಳೆಯನ ದನಿ ಹೊರಟಿತು. ಒಳಗಿಂದ ಅಣ್ಣ ಹೇಳಿದ್ದನ್ನೇ ಅವನು ತಿರುಗಿ ಒಪ್ಪಿಸುತ್ತಿದ್ದ.

"ನಿನ್ನ ಹೆಂಡ್ತಿಗೆ ಹೊಸದೇನೂ ತಲೆಗೆ ಹತ್ತಲ್ಲ ಅಂತೀಯಲ್ಲ ಮಾರಾಯ. ಕಾಲಲ್ಲಿ ಮಾತ್ರ ಬುದ್ಧಿ ಇರೋದು ಅಂತೀಯ. ಮುಂದಿನ ವರ್ಷ ಯಾವಳಾದ್ರೂ ಓದಿದ ಹುಡುಗೀನ ಇಟ್ಕೊಂಡು ಇವಳನ್ನ ಮನೇಲಿ ಕೂರಿಸ್ತೀಯಾ?"

ಫೋನಿನಲ್ಲಿ ಗೆಳೆಯನ ದನಿ ಕೇಳದೆ ಅಣ್ಣ ಒಳಗೆ ಹಲೋ ಹಲೋ ಅನ್ನುತ್ತಿದ್ದ. ಗೆಳೆಯ ಹೊರಗೆ ಕಾರಿನೊಳಗೆ ನಗುತ್ತಿದ್ದ. ಕಿಟಕಿ ತೆರೆದಿತ್ತು, ನನಗೂ ಕೇಳಿತು. ಅತ್ತಿಗೆ ಪರದೆಯ ಮೇಲೆ ಸಿಕ್ಕಸಿಕ್ಕಲ್ಲಿ ಒತ್ತಿದರು, ದನಿ ಇನ್ನೂ ಜೋರಾಯಿತು. ಡಾಕ್ಟರು ಪಾಪ, ಕೇಳಲೇ ಇಲ್ಲ ಅನ್ನುವ ಹಾಗೆ ಕನ್ನಡಕ ಒರೆಸಿಕೊಂಡರು. ಅವಮಾನವನ್ನು ಅಷ್ಟು ಸ್ಪಷ್ಟವಾಗಿ, ನಾಲ್ಕೂ ಮೂಲೆಯಿಂದ ಕೇಳಿಸುವ ವ್ಯವಸ್ಥೆ ಹಳೆ ಕಾರಿನಲ್ಲಿ ಇರಲಿಲ್ಲ.

ಅಂದಿನಿಂದ ಅತ್ತಿಗೆ ಪೆಡಲಿನ ಮಾತೆತ್ತಲಿಲ್ಲ. ಹಲ್ಲು ಕಚ್ಚಿಕೊಂಡು ಕಲಿತರು. ಮಧ್ಯಾಹ್ನ ಊಟವಾದ ಮೇಲೆ ಕಾರಿನಲ್ಲಿ ಒಬ್ಬರೇ ಕೂತು ಪರದೆ ತಿಕ್ಕುವುದನ್ನು ನೋಡುತ್ತಿದ್ದೆ. ಕುಂಯ್ ಅನ್ನುವುದನ್ನು ನಿಲ್ಲಿಸುವುದು ಕಲಿತರು, ಮಾರನೆಯ ದಿನ ಅದು ತಾನೇ ಮತ್ತೆ ಶುರುವಾಗುತ್ತಿತ್ತು. ತನಗೂ ಬರುತ್ತದೆ ಅಂತ ತೋರಿಸಬೇಕೆಂಬ ಹಠ. ಆ ಹಠದಲ್ಲಿ ಪೆಡಲಿಲ್ಲದ ಸೀಟಿನಲ್ಲಿ ಕೂತು ದಿನವೂ ಜನರನ್ನು ಕರೆದುಕೊಂಡು ಹೋದರು. ನನಗೆ ಅದು ಸರಿ ಕಾಣುತ್ತಿರಲಿಲ್ಲ, ಆದರೆ ಮಾತು ಬಿಟ್ಟ ವಾರಗಳವು.

ಆ ಬೆಳಿಗ್ಗೆಯೂ ಹಲ್ಲಿನ ಡಾಕ್ಟರದೇ ಪಾಠ. ಊರಿನವರ ಹಲ್ಲನ್ನು ಹೂ ಬಿಡಿಸಿದಷ್ಟು ಸಲೀಸಾಗಿ ಕೀಳುವ ಕೈ, ಸ್ಟೀರಿಂಗ್ ಹಿಡಿದರೆ ನಡುಗುತ್ತಿತ್ತು. ಆಫೀಸಿನ ಮುಂದೆ ಬಂದು ನಿಲ್ಲಿಸಿದರು. ಈ ಕಾರಿನಲ್ಲಿ ಒಂದು ವಿಶೇಷವಿದೆ. ಬ್ರೇಕಿನಿಂದ ಕಾಲು ತೆಗೆದರೂ ಅದು ತಾನೇ ತನ್ನನ್ನು ಹಿಡಿದು ನಿಲ್ಲಿಸಿಕೊಂಡಿರುತ್ತದೆ. ಇನ್ನೊಂದು ಗೇಣು ಮುಂದೆ ತನ್ನಿ ಅಂದರಂತೆ ಅತ್ತಿಗೆ. ಡಾಕ್ಟರು ಆಕ್ಸಿಲರೇಟರ್ ಮುಟ್ಟಿದರು, ಕದಲಲಿಲ್ಲ. ಇನ್ನಷ್ಟು ಒತ್ತಿದರು. ಹಿಡಿತ ಬಿಟ್ಟು ಕಾರು ಜಿಗಿಯಿತು. ಹೆದರಿದ ಡಾಕ್ಟರು ಬ್ರೇಕ್ ಅಂದುಕೊಂಡು ಕಾಲಡಿಯಲ್ಲಿದ್ದುದನ್ನೇ ಒತ್ತಿ ಹಿಡಿದರು.

ನಾನು ಕೌಂಟರಿನಲ್ಲಿದ್ದೆ. ಮುಂದೆ ಗಾಜಿನ ಗೋಡೆ. ತಲೆಯೆತ್ತುವಷ್ಟರಲ್ಲಿ ಕಾರಿನ ಮೂತಿ ಮೆಟ್ಟಿಲು ಹತ್ತಿತ್ತು. ಅತ್ತಿಗೆಯ ಮುಖ ಕಂಡಿತು, ಬಾಯಿ ತೆರೆದಿತ್ತು. ಅವರ ಕೈ ಹ್ಯಾಂಡ್‌ಬ್ರೇಕಿಗೆ ತಡಕಾಡುತ್ತಿತ್ತು. ಈ ಕಾರಿನಲ್ಲಿ ಹ್ಯಾಂಡ್‌ಬ್ರೇಕಿನ ಸರಳೇ ಇಲ್ಲ, ಎಲ್ಲೋ ಒಂದು ಉಗುರಿನಷ್ಟು ಗುಂಡಿ ಇದೆ. ಗಾಜು ಒಡೆದು ನನ್ನ ಮಡಿಲಿಗೆ ಸುರಿಯಿತು. ಬಾಗಿಲ ಪಕ್ಕದ ಕಂಬಕ್ಕೆ ಗುದ್ದಿ ಕಾರು ನಿಂತಿತು. ಕಂಬ ಒಂದು ಮೊಳ ಆಚೆಗಿದ್ದಿದ್ದರೆ ಇದನ್ನು ಹೇಳಲು ನಾನಿರುತ್ತಿರಲಿಲ್ಲ.

ಡಾಕ್ಟರಿಗೆ ಏನೂ ಆಗಲಿಲ್ಲ. ಸ್ಟೀರಿಂಗಿನೊಳಗಿನ ಗಾಳಿಚೀಲ ಉಬ್ಬಿ ಮುಖಕ್ಕೆ ಅಪ್ಪಳಿಸಿ ಕನ್ನಡಕ ಹೋಯಿತು, ಅಷ್ಟೇ. ಅತ್ತಿಗೆಯನ್ನು ಇಳಿಸಲು ಹೋದರೆ ಬಲಗಾಲು ಊರಲಾಗಲಿಲ್ಲ. ಅಣ್ಣ ಒಳಗಿನಿಂದ ಓಡಿಬಂದ. ನಮ್ಮಿಬ್ಬರನ್ನೂ ದಾಟಿಕೊಂಡು ಹೋಗಿ ಕಾರಿನ ಮುಂದೆ ಮಂಡಿಯೂರಿ ಕೂತ. ಬಂಪರನ್ನು ಸವರುತ್ತಿದ್ದ ಆ ಕೈಯನ್ನು ಮೆಟ್ಟಿಬಿಡಬೇಕು ಅನ್ನಿಸಿತು ನನಗೆ.

ಕಂಪನಿಯವನು ಬಂದ. ಕಾರಿಗೆ ವೈರು ಚುಚ್ಚಿ, ಲ್ಯಾಪ್‌ಟಾಪ್ ನೋಡಿ, ಕಾರಿನದು ಏನೂ ತಪ್ಪಿಲ್ಲ ಅಂದ.

"ಪ್ಲಾಸ್ಟಿಕ್ ಕವರ್ ಕಂಡ್ರೆ ನಿಲ್ಲುತ್ತೆ. ಗೋಡೆ ಕಂಡ್ರೆ ಯಾಕೆ ನಿಲ್ಲಲಿಲ್ಲ?" ಅಂತ ಕೇಳಿದೆ.

"ಆಕ್ಸಿಲರೇಟರನ್ನ ಅಷ್ಟು ಜೋರಾಗಿ ಒತ್ತಿದ್ರೆ, ಡ್ರೈವರಿಗೆ ಹೋಗೋ ಇಷ್ಟ ಇದೆ ಅಂತ ಕಾರು ತಿಳ್ಕೊಳ್ಳುತ್ತೆ ಮೇಡಂ."

ಇಷ್ಟವಂತೆ! ನಿದ್ದೆಯೂ ತಾನೇ ಹೇಳುತ್ತದೆ, ಇಷ್ಟವೂ ತಾನೇ ಹೇಳುತ್ತದೆ. ಇಂಥದ್ದನ್ನು ನನ್ನ ಗಂಡನ ಮನೆಯಲ್ಲಿ ಬೇಕಾದಷ್ಟು ನೋಡಿ ಬಂದವಳು ನಾನು, ಕಾರಿನಿಂದ ಬೇರೆ ಕೇಳಿಸಿಕೊಳ್ಳಬೇಕಾಯಿತು.

ಎಕ್ಸ್-ರೇಯಲ್ಲಿ ಮೂಳೆ ಮುರಿದದ್ದು ಕಂಡಿತು. ಯಾವುದಕ್ಕೂ ತಗುಲಿದ ಗುರುತಿಲ್ಲ, ಏನಾದರೂ ತುಳಿದಿರಾ ಅಂತ ಮೂಳೆ ಡಾಕ್ಟರು ಕೇಳಿದರು. ಅತ್ತಿಗೆ ಹೇಳಿದರು. ಡಾಕ್ಟರು ತುಟಿ ಕಚ್ಚಿ ನಗು ತಡೆದರು. ಅಣ್ಣ ಅಷ್ಟೂ ಮಾಡಲಿಲ್ಲ. ಕಾರನ್ನು ನೋಡಲು ಬಂದವರಿಗೆಲ್ಲ, "ಇಲ್ಲದ ಬ್ರೇಕ್ ತುಳಿದು ಕಾಲು ಮುರ್ಕೊಂಡಿದ್ದಾಳೆ ನಮ್ಮ ಮೇಡಂ," ಅಂತ ಹೇಳಿ ನಗಿಸಿದ. ನಗುತ್ತಿದ್ದಷ್ಟು ಹೊತ್ತು ಬ್ರೇಕು ಯಾಕಿರಲಿಲ್ಲ ಅಂತ ಯಾರೂ ಕೇಳುವುದಿಲ್ಲವಲ್ಲ.

ಕೇಳುವವರೊಬ್ಬರು ಇದ್ದರು. ಕಾರು ಕಲಿಸಲು ಪರ್ಮಿಟ್ ಕೊಡುವ ಆಫೀಸಿನಿಂದ ಅಣ್ಣನಿಗೂ ಅತ್ತಿಗೆಗೂ ಕರೆ ಬಂತು, ಜೊತೆಗೆ ನಾನೂ ಹೋದೆ. ಗೋಡೆಗೆಲ್ಲ ಹಸಿರು ಬಣ್ಣ ಬಳಿದ ಕೋಣೆ, ತಿರುಗುವಾಗ ನರಳುವ ಫ್ಯಾನು. ಅಧಿಕಾರಿ ವಯಸ್ಸಾದವರು, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಅತ್ತಿಗೆ ಪ್ಲಾಸ್ಟರ್ ಹಾಕಿದ ಕಾಲನ್ನು ಮುಂದೆ ಚಾಚಿ, ಊರುಗೋಲನ್ನು ಕುರ್ಚಿಗೆ ಒರಗಿಸಿ ಕೂತರು.

"ಕಲಿಸೋ ಕಾರಿಗೆ ಎರಡನೇ ಬ್ರೇಕ್ ಇರಲೇಬೇಕು," ಅಂದರು ಅಧಿಕಾರಿ. "ಹಾಕಿಸದೇ ಇದ್ದದ್ದು ಯಜಮಾನರಾದ್ರೆ ಸ್ಕೂಲಿಗೆ ಬೀಗ ಬೀಳುತ್ತೆ, ಸರಿ ಮಾಡಿ ತೋರಿಸೋವರೆಗೆ. ಟೀಚರೇ ಬೇಡ ಅಂದು ಓಡಿಸಿದ್ರೆ ಅವರ ಪರ್ಮಿಟ್ ಹೋಗುತ್ತೆ. ಯಾರು ಬೇಡ ಅಂದದ್ದು?"

ಅಣ್ಣ ಗಂಟಲು ಸರಿಮಾಡಿಕೊಂಡ. "ನಾನು ಕೇಳಿದೆ ಸಾರ್. ಇವಳೇ ಬೇಡ ಅಂದ್ಲು. ನನಗೆ ಅಷ್ಟು ವರ್ಷದ ಅನುಭವ ಇದೆ, ಪೆಡಲ್ ಏನಕ್ಕೆ ಅಂದ್ಲು."

ಒಂದು ಚೂರೂ ತಡವರಿಸಲಿಲ್ಲ. ಮನೆಯಿಂದ ಬಾಯಿಪಾಠ ಮಾಡಿಕೊಂಡೇ ಬಂದಿದ್ದ. ಅತ್ತಿಗೆ ಅವನ ಕಡೆ ತಿರುಗಿದರು. ಈ ಕೆಲಸ ಬಿಟ್ಟರೆ ಆ ಹೆಂಗಸಿಗೆ ಬೇರೇನೂ ಇಲ್ಲ. ಮಕ್ಕಳಿಲ್ಲ, ತವರಿಲ್ಲ. ಇರುವುದು ಪಕ್ಕದ ಸೀಟೊಂದು. ಅದನ್ನು ಕಟ್ಟಿಕೊಂಡ ಗಂಡನೇ ಕಾಲಡಿಯಿಂದ ಎಳೆಯುತ್ತಿದ್ದ.

"ಸುಳ್ಳು ಸಾರ್," ಅಂದೆ.

"ನೀವು ಯಾರು?"

"ಇವನ ತಂಗಿ. ಅತ್ತಿಗೆ ನನ್ನೆದುರಿಗೇ ಪೆಡಲ್ ಕೇಳಿದ್ರು, ಇವನು ಕೀ ಕುಕ್ಕಿ ಎದ್ದು ಹೋದ. ಶೋರೂಮಲ್ಲೂ ಕೇಳಿದ್ರು, ಅಲ್ಲೂ ಬೇಡ ಅಂದ. ಬೇಕಾದ್ರೆ ಶೋರೂಮಿನವರನ್ನ ಕರೆಸಿ ಕೇಳಿ."

ಅಣ್ಣನ ಮುಖ ಬಿಳುಚಿಕೊಂಡಿತು. "ಅನ್ನ ಹಾಕಿದ ಮನೆಗೆ ಕನ್ನ ಹಾಕ್ತೀಯಾ?" ಅಂದ, ಹಲ್ಲಿನ ಸಂದಿಯಿಂದ. ಅಧಿಕಾರಿ ಕೈಯೆತ್ತಿ ಅವನನ್ನು ಸುಮ್ಮನಾಗಿಸಿ ಅತ್ತಿಗೆಯನ್ನು ಕೇಳಿದರು.

"ನೀವು ಹೇಳಿ ಅಮ್ಮ. ಇವರು ಹೇಳಿದ್ದು ನಿಜಾನಾ?"

"ನಿಜ ಸಾರ್. ನಾನು ಕೇಳಿದೆ, ಅವರು ಕೊಡಲಿಲ್ಲ."

ನನಗೆ ಉಸಿರು ಬಂತು. ಆದರೆ ಅತ್ತಿಗೆ ಅಲ್ಲಿಗೆ ನಿಲ್ಲಿಸಲಿಲ್ಲ.

"ಬ್ರೇಕ್ ಇಲ್ಲ ಅಂತ ನನಗೆ ಗೊತ್ತಿತ್ತು ಸಾರ್. ಕಾಲಿಗೆ ಮಾತ್ರ ಗೊತ್ತಿರ್ಲಿಲ್ಲ. ಗೊತ್ತಿದ್ದೂ ಹಠಕ್ಕೆ ಬಿದ್ದು ಕಲಿಯೋರನ್ನ ಕೂರಿಸ್ಕೊಂಡು ಹೊರಟೆ. ಅವರದ್ದು ಅವರಿಗೆ ಹಾಕಿ, ನನ್ನದು ನನಗೆ ಹಾಕಿ."

ಅಧಿಕಾರಿ ಎರಡನ್ನೂ ಹಾಕಿದರು. ಸ್ಕೂಲಿಗೆ ಬೀಗ, ಅತ್ತಿಗೆಯ ಪರ್ಮಿಟ್ಟು ಒಂದು ವರ್ಷ ಅಮಾನತು.

ಅಣ್ಣ ನಮಗಾಗಿ ಕಾಯದೆ, ಇನ್ನೂ ಮಾರದೆ ಉಳಿದಿದ್ದ ಹಳೆ ಕಾರು ಹತ್ತಿ ಹೋದ. ನಾವಿಬ್ಬರೂ ಬಸ್ ಸ್ಟಾಪಿನವರೆಗೆ ಕುಂಟಿಕೊಂಡು ಬಂದೆವು, ಅಂದರೆ ಅವರು ಕುಂಟಿದರು, ನಾನು ಕುದಿಯುತ್ತ ಪಕ್ಕದಲ್ಲಿ ನಡೆದೆ. ಬೆಂಚಿನ ಮೇಲೆ ಕೂತ ಮೇಲೆ ತಡೆಯಲಾಗಲಿಲ್ಲ.

"ನಿಮಗೇನು ತಲೆ ಕೆಟ್ಟಿದೆಯಾ ಅತ್ತಿಗೆ? ಒಡಹುಟ್ಟಿದವನನ್ನ ಎದುರು ಹಾಕ್ಕೊಂಡು ನಿಮ್ಮನ್ನ ಉಳಿಸಿದೆ. ಇವತ್ತು ರಾತ್ರಿ ನನಗೆ ಆ ಮನೇಲಿ ಜಾಗ ಇದೆಯೋ ಇಲ್ವೋ ಗೊತ್ತಿಲ್ಲ. ನೀವು ಹೋಗಿ ಕುತ್ತಿಗೆ ಕೊಟ್ಟು ಬಂದ್ರಿ. ಯಾರಿಗೆ ಏನಾಗಿತ್ತು ಅಂತ? ಡಾಕ್ಟರ ಕನ್ನಡಕ ಹೋಯ್ತು, ಅಷ್ಟೇ ತಾನೆ?"

ಅತ್ತಿಗೆ ಊರುಗೋಲಿನ ತುದಿಯಿಂದ ನೆಲದ ಮೇಲಿನ ಕಲ್ಲೊಂದನ್ನು ಸರಿಸಿದರು.

"ಗಾಜಿನಾಚೆ ನೀನು ಕೂತಿದ್ದೆಯಲ್ಲ," ಅಂದರು. "ನಿನ್ನ ಮುಖ ನೋಡ್ಕೊಂಡೇ ತುಳಿದೆ ಕಣೆ. ಏನೂ ಸಿಗಲಿಲ್ಲ. ಮತ್ತೆ ತುಳಿದೆ. ನೀನು ಸತ್ತೇ ಹೋದೆ ಅಂದ್ಕೊಂಡೆ."

ನಾನು ಅವರ ಹತ್ತಿರಕ್ಕೆ ಸರಿದು ಕೂತೆ.

"ಆ ಕಂಬ ಅಲ್ಲಿಲ್ದೆ ಇದ್ದಿದ್ರೆ," ಅಂದರು, "ಬೇಡ ಅಂದದ್ದು ನನ್ನ ಗಂಡ, ನಂದೇನೂ ತಪ್ಪಿಲ್ಲ ಅಂತ ಯಾರ ಹತ್ರ ಹೇಳ್ಕೊಂಡು ತಿರುಗ್ಲಿ?"

ಬಸ್ಸು ಬಂತು. ಮೆಟ್ಟಿಲು ಎತ್ತರವಿತ್ತು. ನಾನು ಅವರ ಸೊಂಟಕ್ಕೆ ಕೈ ಹಾಕಿ ಹತ್ತಿಸಿದೆ. ನಿಮ್ಮ ಭಾರವನ್ನೆಲ್ಲ ನನ್ನ ಮೇಲೆ ಬಿಡಿ ಅಂತ ಎರಡು ಸಲ ಹೇಳಬೇಕಾಯಿತು.